‘ಅಯಾಮ್ ಗುಡ್’ ಅಂದರೆ ಇನ್ನೊಂದು ಕಡಂಬುಟ್ಟು ಬೇಡ ಅಂತ

ಓದುಗರ ಪ್ರಶ್ನೋತ್ತರ. ಈ ಸಲದ ವಿಷಯ: ಖ್ಯಾತನಾಮರ ತಮಾಷೆ ವಿಡಿಯೊ ನೋಡುತ್ತ ದಿನಬಳಕೆಯ ಇಂಗ್ಲಿಷ್ ಕಲಿಯುವುದು. ಕೊಡಗಿನ ಓದುಗರ ಪತ್ರಗಳಿಂದ ಆಯ್ದವು.

ಪ್ರಶ್ನೆ: ಆರು ತಿಂಗಳಿಂದ ದಿನಾ ರಾತ್ರಿ ಊಟ ಆದ ಮೇಲೆ ನಟರ, ಆಟಗಾರರ ತಮಾಷೆ ಸಂದರ್ಶನಗಳನ್ನು ಇಂಗ್ಲಿಷಿನಲ್ಲಿ ನೋಡುತ್ತೇನೆ. ನಗುವೂ ಬರುತ್ತದೆ, ಅರ್ಥವೂ ಆಗುತ್ತದೆ. ಆದರೆ ಹೋಮ್‌ಸ್ಟೇಗೆ ಅತಿಥಿಗಳು ಬಂದು ನಿಂತರೆ ‘ಕಮ್, ಸಿಟ್, ಕಾಫಿ?’ ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
— ಹೋಮ್‌ಸ್ಟೇ ನಡೆಸುವವರು, ಕಕ್ಕಬ್ಬೆ

ಉತ್ತರ: ತಮಾಷೆ ವಿಡಿಯೊದಲ್ಲಿ ಅರ್ಧ ಅರ್ಥ ಮುಖದಿಂದಲೇ ಸಿಕ್ಕಿಬಿಡುತ್ತದೆ. ನಟ ಕಣ್ಣರಳಿಸಿದ, ಪಕ್ಕದವನು ಬಿದ್ದು ಬಿದ್ದು ನಕ್ಕ, ನಿಮಗೂ ನಗು ಬಂತು. ಅಷ್ಟರಲ್ಲಿ ಮಾತು ಕಿವಿಯನ್ನು ದಾಟಿ ಹೋಗಿಯಾಯಿತು. ಸಾಮಾನ್ಯ ಮಾತುಕತೆಯಲ್ಲಿ ನಿಮಿಷಕ್ಕೆ ಸುಮಾರು 150 ಪದ ಉರುಳುತ್ತವೆ. ಇಪ್ಪತ್ತು ನಿಮಿಷದ ಸಂದರ್ಶನವೆಂದರೆ 3,000 ಪದ. ಅದರಲ್ಲಿ ಒಂದನ್ನೂ ನೀವು ಬಾಯಿಯಿಂದ ಆಡಿಲ್ಲ. ಬಾಯಿಗೆ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಾಳೆಯಿಂದ ವಿಡಿಯೊವನ್ನು ಕತ್ತರಿಸಿಕೊಳ್ಳಿ. ದಿನಕ್ಕೆ 60ರಿಂದ 90 ಸೆಕೆಂಡಿನ ತುಣುಕು ಸಾಕು, ಆದರೆ ಅದಕ್ಕೆ 20 ನಿಮಿಷ ಕೊಡಿ. ಮೊದಲ ಸಲ ಅಕ್ಷರ (ಸಬ್‌ಟೈಟಲ್) ಆಫ್ ಮಾಡಿ ಸುಮ್ಮನೆ ನೋಡಿ, ನಕ್ಕು ಮುಗಿಸಿ. ಎರಡನೇ ಸಲ ಪರದೆಗೆ ಬೆನ್ನು ಹಾಕಿ ಕೇಳಿ. ಮುಖ ಕಾಣದಾಗ ನಿಮಗೆ ನಿಜಕ್ಕೂ ಎಷ್ಟು ತಿಳಿಯಿತು ಎಂಬುದು ಆಗ ಗೊತ್ತಾಗುತ್ತದೆ, ಹೆಚ್ಚಿನವರಿಗೆ ಬೇಸರವೂ ಆಗುತ್ತದೆ. ಮೂರನೇ ಸಲ ಇಂಗ್ಲಿಷ್ ಅಕ್ಷರ ಹಾಕಿಕೊಂಡು, ತಿಳಿಯದ ಕಡೆ ನಿಲ್ಲಿಸಿ. ಮೊಬೈಲಿನ ಯೂಟ್ಯೂಬಿನಲ್ಲಿ ಪರದೆಯ ಎಡಭಾಗವನ್ನು ಎರಡು ಸಲ ಒತ್ತಿದರೆ 10 ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಕಂಪ್ಯೂಟರಿನಲ್ಲಾದರೆ ಎಡಬಾಣದ ಕೀಲಿ 5 ಸೆಕೆಂಡು, ‘ಜೆ’ ಕೀಲಿ 10 ಸೆಕೆಂಡು ಹಿಂದಕ್ಕೆ ಒಯ್ಯುತ್ತದೆ. ಕೊನೆಗೆ ಐದು ಸಾಲು ಆರಿಸಿ ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಆರನೆಯದು ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ. ಹದಿನೈದು ಬರೆದುಕೊಂಡವರಿಗೆ ಮರುದಿನ ಎರಡೂ ನೆನಪಿರುವುದಿಲ್ಲ.

ಬಿಡಿ ಪದ ಬರೆಯಬೇಡಿ, ಇಡೀ ಸಾಲು ಬರೆಯಿರಿ. ಕನ್ನಡದಲ್ಲಿ ಕಾಫಿ, ಕೆಲಸ, ಸ್ನಾನ, ಊಟ, ಫೋನು ಎಲ್ಲವನ್ನೂ ‘ಮಾಡು’ ಒಂದೇ ಹೊರುತ್ತದೆ. ಇಂಗ್ಲಿಷಿನಲ್ಲಿ ಕಾಫಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡು’, ಸ್ನಾನಕ್ಕೆ ‘ಟೇಕ್’, ಊಟಕ್ಕೆ ‘ಹ್ಯಾವ್’. ‘ಮೇಕ್ ಅಂದರೆ ಮಾಡು’ ಎಂದು ಬರೆದಿಟ್ಟುಕೊಂಡವರು ಅತಿಥಿಯನ್ನು ‘ಡಿಡ್ ಯು ಮೇಕ್ ಬಾತ್?’ ಎಂದು ಕೇಳಿ ಪೇಚಿಗೆ ಸಿಕ್ಕುತ್ತಾರೆ. ‘ನಿದ್ದೆ ಬರ್ತಿದೆ’ಗೂ ಇದೇ ಪಾಡು. ‘ಸ್ಲೀಪ್ ಈಸ್ ಕಮಿಂಗ್’ ಎಂದರೆ ಯಾರೋ ಸ್ಲೀಪ್ ಎನ್ನುವವರು ಬಸ್ಸಿಳಿದು ಬರುತ್ತಿದ್ದಾರೆ ಎನ್ನುವ ಹಾಗಿರುತ್ತದೆ. ಅವರು ಹೇಳುವುದು ‘ಅಯಾಮ್ ಸ್ಲೀಪಿ’.

ಬರೆದ ಸಾಲನ್ನು ನಿಮ್ಮ ಮನೆಗೆ ಒಗ್ಗಿಸುವುದು ಮುಂದಿನ ಕೆಲಸ. ನಿರೂಪಕರು ಅತಿಥಿಗೆ ‘ಕೆನ್ ಐ ಗೆಟ್ ಯು ಸಮ್ ವಾಟರ್?’ ಎನ್ನುತ್ತಾರೆ. ಸಾಲು ಹಾಗೇ ಇರಲಿ, ‘ಸಮ್ ವಾಟರ್’ ತೆಗೆದು ‘ಮೋರ್ ಪಂದಿ ಕರಿ’ ಹಾಕಿ, ‘ಎ ಬ್ಲ್ಯಾಂಕೆಟ್’ ಹಾಕಿ, ‘ಆ್ಯನ್ ಅಂಬ್ರೆಲ್ಲ’ ಹಾಕಿ. ಒಂದು ಸಾಲಿಗೆ ಹೀಗೆ ನಾಲ್ಕು ರೂಪ. ನಾಲ್ಕನ್ನೂ ದನಿ ತೆಗೆದು, ಒಲೆ ಮುಂದೆ ನಿಂತು ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ.

ನಿಮ್ಮ ಕೆಲಸಕ್ಕೆ ಇಂಥ ವಿಡಿಯೊಗಳಿಂದ ಸಿಗುವ ಬಲು ದೊಡ್ಡ ಲಾಭ ಎರಡು ಸಣ್ಣ ಮಾತು. ಕಡಂಬುಟ್ಟಿನ (ಅಕ್ಕಿತರಿಯ ಉಂಡೆಯ) ತಟ್ಟೆ ಮುಂದೆ ಹಿಡಿದಾಗ ಅತಿಥಿ ‘ಅಯಾಮ್ ಗುಡ್’ ಎಂದರೆ ‘ನನಗೆ ಸಾಕು, ಬೇಡ’ ಎಂದರ್ಥ. ‘ಚೆನ್ನಾಗಿದೆ ಅಂದ್ರಲ್ಲ’ ಎಂದು ಇನ್ನೆರಡು ಹಾಕಿದರೆ ಪಾಪ, ಅವರು ತಿನ್ನಲೇಬೇಕು. ಇನ್ನೊಂದು ‘ವುಡ್ ಯು ಮೈಂಡ್’. ‘ವುಡ್ ಯು ಮೈಂಡ್ ಇಫ್ ಐ ಸ್ಯಾಟ್ ಹಿಯರ್?’ ಎಂದರೆ ‘ಇಲ್ಲಿ ಕೂತರೆ ನಿಮಗೇನಾದರೂ ತೊಂದರೆಯೇ?’ ಎಂಬ ಪ್ರಶ್ನೆ. ಕೂತುಕೊಳ್ಳಲಿ ಎನ್ನುವುದಾದರೆ ಉತ್ತರ ‘ನೋ, ನಾಟ್ ಅಟ್ ಆಲ್’. ನಮ್ಮವರು ಉತ್ಸಾಹದಿಂದ ‘ಯೆಸ್ ಯೆಸ್’ ಎನ್ನುತ್ತಾರೆ, ಕೇಳಿದವರು ಅಲ್ಲೇ ನಿಂತುಬಿಡುತ್ತಾರೆ.

ಪ್ರಶ್ನೆ: ಕನ್ನಡ ಸಬ್‌ಟೈಟಲ್ ಹಾಕಿಕೊಂಡು ನೋಡಬೇಕೋ, ಇಂಗ್ಲಿಷೋ? ಇಂಗ್ಲಿಷ್ ಹಾಕಿದರೆ ಕೆಲವು ಕಡೆ ಅರ್ಥವೇ ಇಲ್ಲದ ಸಾಲು ಬರುತ್ತದೆ. ಮಾತು ತುಂಬ ವೇಗ ಬೇರೆ.
— ಪದವಿ ವಿದ್ಯಾರ್ಥಿ, ಗೋಣಿಕೊಪ್ಪಲು

ಉತ್ತರ: ಇಂಗ್ಲಿಷೇ. ಕನ್ನಡ ಅಕ್ಷರ ಕೆಳಗೆ ಓಡುತ್ತಿದ್ದರೆ ಕಣ್ಣು ಅದನ್ನೇ ಓದುತ್ತದೆ, ಕಿವಿ ರಜೆ ಹಾಕುತ್ತದೆ. ಅದರ ಮೇಲೆ ಯಂತ್ರ ಮಾಡಿದ ಕನ್ನಡಕ್ಕೆ ತಮಾಷೆ ತಿಳಿಯುವುದಿಲ್ಲ. ‘ಯು ಆರ್ ಕಿಲಿಂಗ್ ಮಿ’ ಎಂದರೆ ‘ನಕ್ಕು ನಕ್ಕು ಸಾಕಾಯ್ತು ಮಾರಾಯ’ ಎಂಬ ಭಾವ. ಯಂತ್ರ ಅದನ್ನು ನೇರ ಕೊಲೆ ಪ್ರಕರಣ ಮಾಡಿಬಿಡಬಹುದು.

ಅರ್ಥವಿಲ್ಲದ ಸಾಲಿಗೆ ಕಾರಣ ಹೆಚ್ಚಾಗಿ ಸ್ವಯಂಚಾಲಿತ ಅಕ್ಷರ. ಅಕ್ಷರದ ಮೆನು ತೆರೆದು ನೋಡಿ: ‘ಇಂಗ್ಲಿಷ್’ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ವಿಡಿಯೊ ಹಾಕಿದವರೇ ಕೊಟ್ಟದ್ದು, ಪಕ್ಕದಲ್ಲಿ ‘ಆಟೊ ಜನರೇಟೆಡ್’ ಎಂದಿದ್ದರೆ ಯಂತ್ರ ಕೇಳಿಸಿಕೊಂಡು ಬರೆದದ್ದು. ಯಂತ್ರ ಸೋಲುವ ಜಾಗಗಳು ಗೊತ್ತಿರುವಂಥವೇ. ಇಬ್ಬರು ಒಟ್ಟಿಗೆ ಮಾತಾಡಿದಾಗ, ಪ್ರೇಕ್ಷಕರ ನಗುವಿನಡಿ ಮಾತು ಮುಚ್ಚಿಹೋದಾಗ, ಊರಿನ ಅಥವಾ ವ್ಯಕ್ತಿಯ ಹೆಸರು ಬಂದಾಗ. ತಮಾಷೆ ವಿಡಿಯೊದಲ್ಲಿ ಈ ಮೂರೂ ಹೇರಳ. ಹಾಗಾಗಿ ಕಲಿಯಲು ಆರಿಸುವಾಗ ಯಂತ್ರದ್ದಲ್ಲದ ಅಕ್ಷರ ಇರುವ ವಿಡಿಯೊವನ್ನೇ ಆರಿಸಿ. ವಿವರಣೆಯ ಕೆಳಗೆ ‘ಶೋ ಟ್ರಾನ್ಸ್‌ಕ್ರಿಪ್ಟ್’ ಒತ್ತಿದರೆ ಇಡೀ ಮಾತು ಸಮಯಸಹಿತ ಪಟ್ಟಿಯಾಗಿ ಬರುತ್ತದೆ. ಬೇಕಾದ ಸಾಲನ್ನು ಒತ್ತಿದರೆ ವಿಡಿಯೊ ಅಲ್ಲಿಗೇ ಹಾರುತ್ತದೆ.

ವೇಗವನ್ನು 0.75ಕ್ಕೆ ಇಳಿಸಬಹುದು. 0.5ಕ್ಕೆ ಇಳಿಸಿದರೆ ಎಲ್ಲರೂ ಕುಡಿದವರಂತೆ ಎಳೆಯುತ್ತಾರೆ, ಪದಗಳ ನಡುವಿನ ಬೆಸುಗೆ ಕೇಳಿಸದಾಗುತ್ತದೆ. ನೀವು ಕಲಿಯಬೇಕಾದದ್ದೇ ಆ ಬೆಸುಗೆಯನ್ನು. ‘ಗೋಯಿಂಗ್ ಟು’ ಮಾತಿನಲ್ಲಿ ‘ಗೊನ’, ‘ವಾಂಟ್ ಟು’ ‘ವಾನ’, ‘ಕೈಂಡ್ ಆಫ್’ ‘ಕೈಂಡಾ’, ‘ವಾಟ್ ಡು ಯು’ ‘ವಾಡ್ಯ’ ಆಗುತ್ತದೆ. ಕಿವಿಗೆ ಇವು ಬೇಕೇಬೇಕು. ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಬರೆಯಬೇಡಿ. 0.75ರಲ್ಲಿ ಎರಡು ಸಲ ಕೇಳಿದ ಮೇಲೆ ಮತ್ತೆ 1ಕ್ಕೆ ಬನ್ನಿ, 0.75ರಲ್ಲೇ ಉಳಿದರೆ ಎದುರಿಗಿರುವವರನ್ನು ನಿಧಾನಗೊಳಿಸಲು ನಿಮ್ಮ ಕೈಯಲ್ಲಿ ಗುಂಡಿ ಇರುವುದಿಲ್ಲ.

ಪ್ರಶ್ನೆ: ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಜೀಪಿನಲ್ಲಿ ಕರೆದೊಯ್ಯುತ್ತೇನೆ. ಹೊರದೇಶದವರ ಮಾತು ಒಂದೊಂದು ಥರ. ಯಾರ ವಿಡಿಯೊದಿಂದ ಶುರು ಮಾಡಲಿ?
— ಜೀಪ್ ಚಾಲಕ, ಮಡಿಕೇರಿ

ಉತ್ತರ: ಹತ್ತಿರದಿಂದ ಶುರು ಮಾಡಿ, ದೂರ ಹೋಗಿ. ಕೊಡಗಿನವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ, 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದವರು, ಇಂಗ್ಲಿಷಿನಲ್ಲಿ ಕೊಟ್ಟ ಸಂದರ್ಶನಗಳು ಬೇಕಾದಷ್ಟಿವೆ. ಪಂದ್ಯದ ನಂತರದ ಚಿಕ್ಕ ತುಣುಕುಗಳಿಂದ ಆರಂಭಿಸಿ. ಉಚ್ಚಾರಣೆ ನಮ್ಮ ಕಿವಿಗೆ ಪರಿಚಿತ, ಹಾಗಾಗಿ ಗಮನವೆಲ್ಲ ಪದಗಳ ಮೇಲೇ ಇರುತ್ತದೆ.

ಎರಡನೆಯದು ಆರ್‌ಸಿಬಿಯ ಮಿಸ್ಟರ್ ನ್ಯಾಗ್ಸ್. ಡ್ಯಾನಿಶ್ ಸೇಠ್ ಆಡುವ ಈ ಪಾತ್ರ ಎ.ಬಿ. ಡಿವಿಲಿಯರ್ಸ್‌ನಂಥ ಕ್ರಿಕೆಟಿಗರನ್ನು ಕೂರಿಸಿಕೊಂಡು ಕಾಲೆಳೆಯುತ್ತದೆ. ಒಂದು ಎಚ್ಚರ: ನ್ಯಾಗ್ಸ್‌ನ ಇಂಗ್ಲಿಷ್ ನಗಿಸಲೆಂದೇ ಸೊಟ್ಟ ಮಾಡಿದ್ದು. ಪ್ರಶ್ನೆಗೆ ನಗಿ, ಉತ್ತರ ಬರೆದುಕೊಳ್ಳಿ. ಡಿವಿಲಿಯರ್ಸ್ ಮಾತಿನಿಂದ ದಕ್ಷಿಣ ಆಫ್ರಿಕಾದವರ ಧಾಟಿಗೂ ಕಿವಿ ಪಳಗುತ್ತದೆ.

ಮೂರನೆಯದು, ಕನ್ನಡಿಗರಿಗೆ ಅತಿ ಹೆಚ್ಚು ದಕ್ಕುವಂಥದ್ದು: ‘ವೈರ್ಡ್’ ಪತ್ರಿಕೆಯ ಆಟೊಕಂಪ್ಲೀಟ್ ಸಂದರ್ಶನಗಳು. ತಮ್ಮ ಬಗ್ಗೆ ಜನ ಗೂಗಲ್‌ನಲ್ಲಿ ಹುಡುಕಿದ ಪ್ರಶ್ನೆಗಳಿರುವ ಹಲಗೆಯನ್ನು ನಟರು ಕೈಯಲ್ಲಿ ಹಿಡಿದು, ಮುಚ್ಚಿದ ಪಟ್ಟಿ ಕಿತ್ತು, ಓದಿ, ಉತ್ತರಿಸುತ್ತಾರೆ. ಪ್ರಶ್ನೆ ಕಣ್ಣಿಗೂ ಕಾಣುತ್ತದೆ, ಕಿವಿಗೂ ಬೀಳುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ ‘ಆ’ ಸೇರಿಸಿದರೆ ಪ್ರಶ್ನೆಯಾಯಿತು, ‘ಬರ್ತೀರಾ?’. ಇಂಗ್ಲಿಷಿನಲ್ಲಿ ‘ಡು’, ‘ಡಸ್’, ‘ಡಿಡ್’, ‘ಕೆನ್’ ಮುಂದೆ ಬಂದು ನಿಲ್ಲಬೇಕು. ನಾವು ಎಡವುವುದು ಅಲ್ಲೇ: ‘ಯು ವಾಂಟ್ ಟು ಸ್ಟಾಪ್ ಹಿಯರ್?’ ಎಂದು ದನಿಯನ್ನು ಮೇಲೆತ್ತಿ ಮುಗಿಸುತ್ತೇವೆ. ಈ ಕಾರ್ಯಕ್ರಮದ ಒಂದೇ ಕಂತಿನಲ್ಲಿ ‘ಡಸ್’, ‘ಡಿಡ್’, ‘ಕೆನ್’ ಮೇಲಿಂದ ಮೇಲೆ ಬರುತ್ತವೆ. ಹತ್ತು ಕಂತು ಆದಾಗ ‘ಡು ಯು ವಾಂಟ್ ಟು ಸ್ಟಾಪ್ ಹಿಯರ್?’ ತಾನಾಗಿ ಬರುತ್ತದೆ.

ಖಾರದ ಕೋಳಿರೆಕ್ಕೆ ತಿನ್ನಿಸುತ್ತ ಮಾತಾಡಿಸುವ ‘ಹಾಟ್ ಒನ್ಸ್’ ಅದಾದ ಮೇಲೆ ನೋಡಿ. 2015ರಲ್ಲಿ ಶುರುವಾದ ಇದರಲ್ಲಿ ಶಾನ್ ಇವಾನ್ಸ್ ಪ್ರಶ್ನೆ ಕೇಳುತ್ತಾರೆ, ಹತ್ತು ರೆಕ್ಕೆ, ಒಂದಕ್ಕಿಂತ ಒಂದು ಖಾರ. ಬೆವರು, ಕೆಮ್ಮು, ಕಣ್ಣೀರಿನ ಪದಗಳೆಲ್ಲ ಸಿಗುತ್ತವೆ. ಇಂಗ್ಲಿಷಿನ ‘ಹಾಟ್’ಗೆ ಬಿಸಿ, ಖಾರ ಎರಡೂ ಅರ್ಥ ಎಂಬುದು ಅಲ್ಲಿ ಮರೆಯದಂತೆ ಮನದಟ್ಟಾಗುತ್ತದೆ. ಸೂಜಿಮೆಣಸಿನ ಚಟ್ನಿ ಕೊಡುವಾಗ ‘ಸ್ಪೈಸಿ’ ಎಂದೇ ಹೇಳುವುದು ಕ್ಷೇಮ. ಬ್ರಿಟಿಷ್ ಮಾತಿಗೆ ಬಿಬಿಸಿಯ ಗ್ರಹಾಂ ನಾರ್ಟನ್ ಕಾರ್ಯಕ್ರಮವಿದೆ, ಆದರೆ ಒಂದೇ ಸೋಫಾದಲ್ಲಿ ಮೂರು ನಾಲ್ಕು ಜನ ಕೂತು ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಅದನ್ನು ಕೊನೆಗಿಡಿ. ಅಮೆರಿಕದವರು ಎರಡು ಸ್ವರಗಳ ನಡುವಿನ ‘ಟ’ವನ್ನು ಮೆತ್ತಗೆ ಮಾಡಿ ‘ವಾಡರ್’ ಎಂದರೆ ನೀರೇ ಎಂದು ತಿಳಿಯಿರಿ.

ನಿಮ್ಮ ವೃತ್ತಿಯ ಪದಗಳಲ್ಲಿ ಒಂದೆರಡು ನಮ್ಮ ಕಡೆ ಮಾತ್ರ ಓಡುವ ನಾಣ್ಯ. ‘ಸ್ಟೆಪ್ನಿ’, ‘ಡಿಕ್ಕಿ’ ಹೊರಗಿನವರಿಗೆ ತಿಳಿಯುವುದಿಲ್ಲ. ಮೊದಲನೆಯದು ‘ಸ್ಪೇರ್ ಟೈರ್’, ಎರಡನೆಯದು ಬ್ರಿಟನ್ನಿನವರಿಗೆ ‘ಬೂಟ್’, ಅಮೆರಿಕದವರಿಗೆ ‘ಟ್ರಂಕ್’. ‘ಹೋಟೆಲ್‌ನಲ್ಲಿ ನಿಲ್ಲಿಸಲಾ?’ ಎಂದು ಊಟಕ್ಕಾಗಿ ಕೇಳಿದರೆ, ‘ನಾವು ಆಗಲೇ ಬೇರೆ ಕಡೆ ರೂಮು ಮಾಡಿದ್ದೇವೆ’ ಎನ್ನುತ್ತಾರೆ. ಊಟದ ಜಾಗ ‘ರೆಸ್ಟೊರೆಂಟ್’.

ಪ್ರಶ್ನೆ: ವಿಡಿಯೊಗಳಲ್ಲಿ ನಟರು ಒಬ್ಬರಿಗೊಬ್ಬರು ‘ಶಟಪ್!’, ‘ಗೆಟ್ ಔಟ್ ಆಫ್ ಹಿಯರ್!’ ಅಂದು ನಗುತ್ತಾರೆ. ನಾವೂ ಅನ್ನಬಹುದೇ? ನಾನು ತೋಟದಲ್ಲಿ ರೈಟರ್ (ಕೆಲಸದ ಮೇಲ್ವಿಚಾರಕ). ಬೆಂಗಳೂರಿನಿಂದ ಬರುವ ಮಾಲೀಕರ ಸ್ನೇಹಿತರೊಡನೆ ಮಾತಾಡಬೇಕಾಗುತ್ತದೆ.
— ಸುಂಟಿಕೊಪ್ಪ

ಉತ್ತರ: ಬೇಡವೇ ಬೇಡ. ಅಲ್ಲಿ ‘ಶಟಪ್’ ಎಂದರೆ ‘ಹೌದಾ! ನಿಜವಾಗ್ಲೂ?’, ‘ಗೆಟ್ ಔಟ್ ಆಫ್ ಹಿಯರ್’ ಎಂದರೆ ‘ಸುಮ್ನಿರಿ, ಇದನ್ನ ನಂಬಕ್ಕಾಗಲ್ಲ’. ಆದರೆ ಆ ಅರ್ಥ ಪದದಲ್ಲಿಲ್ಲ, ದನಿಯ ಏರಿಳಿತದಲ್ಲೂ ಇಬ್ಬರ ಸಲಿಗೆಯಲ್ಲೂ ಇದೆ. ದನಿ ಚೂರು ತಪ್ಪಿದರೆ ಬೈಗುಳ. ಮಾಲೀಕರ ಸ್ನೇಹಿತರ ಜೊತೆ ಅದೇ ಅಚ್ಚರಿಗೆ ‘ರಿಯಲಿ?’ ಸಾಕು.

ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕುವ ಅಭ್ಯಾಸ ಮಾಡಿ. ಯಾರಿಗೂ ಹೇಳಬಹುದಾದ್ದಕ್ಕೆ ಒಂದು ಗೆರೆ, ಸಮವಯಸ್ಕ ಗೆಳೆಯರಿಗೆ ಮಾತ್ರದ್ದಕ್ಕೆ ಎರಡು ಗೆರೆ, ಕೇಳಿ ತಿಳಿದುಕೊಂಡರೆ ಸಾಕು ಎನ್ನುವುದಕ್ಕೆ ಅಡ್ಡಗೆರೆ. ಕನ್ನಡದಲ್ಲಿ ‘ಬಾರೋ’, ‘ಬನ್ನಿ’ ಎಂದು ಕ್ರಿಯಾಪದವೇ ಗೌರವ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ ‘ಯು’ ಆಗಿರುವುದರಿಂದ ಮರ್ಯಾದೆಯೇ ಇಲ್ಲ ಎಂದು ನಮಗನಿಸುತ್ತದೆ. ಅದು ಇರುವುದು ‘ಕುಡ್ ಯು’, ‘ವುಡ್ ಯು ಲೈಕ್’, ‘ಐ ವಾಸ್ ವಂಡರಿಂಗ್ ಇಫ್’ಗಳಲ್ಲಿ. ತಮಾಷೆ ತುಣುಕಿನಲ್ಲಿ ಇವು ಕಡಿಮೆ, ಅತಿಥಿ ಒಳಬಂದು ಕೂರುವ ಮೊದಲ ಅರ್ಧ ನಿಮಿಷದಲ್ಲಿ ಜಾಸ್ತಿ. ನಗು ಶುರುವಾಗುವ ಮೊದಲಿನ ಆ ಭಾಗವನ್ನು ಎಲ್ಲರೂ ಓಡಿಸಿಬಿಡುತ್ತಾರೆ. ನೀವು ಓಡಿಸಬೇಡಿ.

ಇನ್ನು, ‘ಅಯಾಮ್ ಎ ರೈಟರ್’ ಎಂದು ಪರಿಚಯಿಸಿಕೊಂಡರೆ ಹೊರಗಿನವರು ‘ಯಾವ ಪುಸ್ತಕ ಬರೆದಿದ್ದೀರಿ?’ ಎಂದು ಕೇಳಿಯಾರು. ‘ಎಸ್ಟೇಟ್ ಸೂಪರ್‌ವೈಸರ್’ ಎನ್ನಿ. ‘ಐ ಪಾಸ್ಡ್ ಔಟ್ ಇನ್ 2010’ ಎಂದರೂ ಅಪಾಯವೇ, ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದೆ ಎಂದಂತಾಗುತ್ತದೆ. ‘ಗ್ರಾಜುಯೇಟೆಡ್’ ಸರಿ.

ಪ್ರಶ್ನೆ: ನಾಲ್ಕನೇ ತರಗತಿಯ ಮಗ ಈ ವಿಡಿಯೊಗಳಿಂದ ಕೆಟ್ಟ ಮಾತೇ ಮೊದಲು ಕಲಿತಿದ್ದಾನೆ.
— ತಾಯಿ, ಕುಶಾಲನಗರ

ಉತ್ತರ: ಮಕ್ಕಳ ಕಿವಿ ಒತ್ತಿ ಹೇಳಿದ್ದನ್ನೇ ಹಿಡಿಯುತ್ತದೆ, ಬೈಗುಳವನ್ನು ಯಾರೂ ಮೆಲ್ಲಗೆ ಹೇಳುವುದಿಲ್ಲ. ತಡರಾತ್ರಿಯ ಸಂದರ್ಶನಗಳು ದೊಡ್ಡವರಿಗಾಗಿ ಮಾಡಿದವು, ಕೊಡಬೇಡಿ. ಅವನಿಗೆ ಮಾತೇ ಹೆಚ್ಚಿಲ್ಲದ ಹಾಸ್ಯ ಕೊಡಿ. ರೋವನ್ ಅಟ್ಕಿನ್ಸನ್ ಅವರ ಮಿಸ್ಟರ್ ಬೀನ್ ಬಹುಪಾಲು ಮೂಕಾಭಿನಯ. ದನಿ ಆಫ್ ಮಾಡಿ, ಎರಡು ನಿಮಿಷ ತೋರಿಸಿ, ಮಗನೇ ಕ್ರಿಕೆಟ್ ಕಾಮೆಂಟರಿಯಂತೆ ಹೇಳಲಿ: ‘ಹೀ ಈಸ್ ಓಪನಿಂಗ್ ದ ಡೋರ್’, ‘ಹೀ ಡ್ರಾಪ್ಡ್ ಇಟ್’. ಪದ ಸಿಗದೆ ತಡವರಿಸಿದ ಜಾಗದಲ್ಲಿ ನಿಲ್ಲಿಸಿ ಅದೊಂದನ್ನು ಹೇಳಿಕೊಡಿ. ಬೇಕೆನಿಸಿದ ಗಳಿಗೆಯಲ್ಲಿ ಸಿಕ್ಕ ಪದ ಗಟ್ಟಿಯಾಗಿ ಕೂರುತ್ತದೆ. ಈ ಅಭ್ಯಾಸ ದೊಡ್ಡವರಿಗೂ ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿ ಕೊಡವ ತಕ್ಕ್ (ಕೊಡವ ಭಾಷೆ), ಹೊರಗೆ ಕನ್ನಡ. ವಿಡಿಯೊದಲ್ಲಿ ಕೇಳಿದ ಹಾಗೆ ಉಚ್ಚರಿಸಲು ಹೋದರೆ ಮನೆಯವರು ನಗುತ್ತಾರೆ.
— ಪೊನ್ನಂಪೇಟೆ

ಉತ್ತರ: ನಗಲಿ ಬಿಡಿ, ನಿಮ್ಮ ಬಳಿ ಬರಿಯ ಕನ್ನಡದವರಿಗಿಲ್ಲದ ಒಂದು ಅನುಕೂಲವಿದೆ. ಕೊಡವ ತಕ್ಕ್‌ನಲ್ಲಿ ಕನ್ನಡದ ವರ್ಣಮಾಲೆಯಲ್ಲಿಲ್ಲದ, ನಾಲಿಗೆಯನ್ನು ನಡುವೆ ಇಟ್ಟು ತುಟಿ ದುಂಡಗೆ ಮಾಡದೆ ಆಡುವ ಸ್ವರಗಳಿವೆ. ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಅವನ್ನು ದಾಖಲಿಸಿದ್ದಾರೆ. ಇಂಗ್ಲಿಷಿನಲ್ಲಿ ಒತ್ತಿಲ್ಲದ ಕಡೆಯಲ್ಲೆಲ್ಲ ಬರುವ ಮಂಕು ಸ್ವರ ಇವುಗಳ ನೆರೆಯದು. ‘ಬ್ರೇಕ್‌ಫಾಸ್ಟ್’ ಎಂದು ನಾವು ಎರಡೂ ಕಡೆ ಎಳೆಯುತ್ತೇವೆ. ಅವರ ಬಾಯಲ್ಲಿ ಅದು ‘ಬ್ರೆಕ್‌ಫಸ್ಟ್’, ಕೊನೆಯ ಭಾಗ ಬರೀ ಉಸಿರಿನಷ್ಟು. ‘ಕಂಫರ್ಟಬಲ್’ ‘ಕಂಫ್‌ಟಬಲ್’ ಆಗುತ್ತದೆ. ‘ಹೋಟೆಲ್’ನಲ್ಲಿ ನಾವು ಮೊದಲ ಅಕ್ಷರ ಒತ್ತುತ್ತೇವೆ, ಅವರು ಎರಡನೆಯದನ್ನು.

ಅನುಕರಿಸುವಾಗ ಮೊದಲು ಪದ ಬಿಟ್ಟು ತಾಳ ಹಿಡಿಯಿರಿ. ಸಾಲಿನಲ್ಲಿ ಜೋರಾಗಿ ಬಿದ್ದ ಕಡೆ ಮೇಜು ತಟ್ಟಿ, ಉಳಿದದ್ದನ್ನು ‘ಡ ಡ ಡ’ ಎಂದು ಗುನುಗಿ. ಆಮೇಲೆ ಪದ ತುಂಬಿ. ಮೊಬೈಲಿನಲ್ಲಿ ನಿಮ್ಮ ದನಿ ಮುದ್ರಿಸಿ ಮೂಲದ ಪಕ್ಕದಲ್ಲಿಟ್ಟು ಕೇಳಿ. ಅಮೆರಿಕದ ‘ರ’ ತಿರುಚುವುದು ಬೇಕಿಲ್ಲ, ಅದು ಬರದಿದ್ದರೆ ಯಾರಿಗೂ ನಷ್ಟವಿಲ್ಲ. ಬೇಕಿರುವುದು ಒತ್ತು, ಮತ್ತೆ ‘ವ’ದ ಎರಡು ಬಗೆ. ಒದ್ದೆ ಎನ್ನುವ ‘ವೆಟ್’ಗೆ ತುಟಿ ಸೀಟಿ ಹೊಡೆಯುವಂತೆ ದುಂಡಗಾಗಬೇಕು, ದನಗಳ ಡಾಕ್ಟರ ‘ವೆಟ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಮಳೆಗಾಲದ ಕೊಡಗಿನಲ್ಲಿ ‘ದ ಡಾಗ್ ಈಸ್ ವೆಟ್’ ಎನ್ನುವಾಗ ನಾಯಿಗೆ ವೈದ್ಯಪದವಿ ಕೊಡಬಾರದಲ್ಲ.

ಪ್ರಶ್ನೆ: ಜೂನ್ ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಲಿತದ್ದೆಲ್ಲ ಮರೆತುಹೋಗುತ್ತದೆ. ಒಟ್ಟಿನಲ್ಲಿ ಎಷ್ಟು ಪದ ಬಂದರೆ ಸಾಕು?
— ಅಂಗಡಿ ಮಾಲೀಕರು, ಶನಿವಾರಸಂತೆ

ಉತ್ತರ: ಇಂಗ್ಲಿಷಿನ ಸುಮಾರು 3,000 ಪದಕುಟುಂಬಗಳು ಗೊತ್ತಿದ್ದರೆ ಟಿ.ವಿ. ಕಾರ್ಯಕ್ರಮಗಳಲ್ಲಿ ಬರುವ ಪದಗಳಲ್ಲಿ ಶೇಕಡ 95ರಷ್ಟು ಪಾಲು ಪರಿಚಿತವಾಗಿರುತ್ತವೆ ಎಂದು ಭಾಷಾ ಸಂಶೋಧಕರು ಎಣಿಸಿದ್ದಾರೆ. ಪದಕುಟುಂಬವೆಂದರೆ ‘ಹೆಲ್ಪ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್’ ಸೇರಿ ಒಂದು. ಅಂಗಡಿಯಲ್ಲಿ ಕೂತು ಕನ್ನಡದ ಮಧ್ಯೆಯೇ ದಿನಾ ಆಡುವ ಚೇಂಜ್, ಸ್ಟಾಕ್, ರೇಟ್, ಬ್ಯಾಲೆನ್ಸ್, ರಿಟರ್ನ್ ಎಲ್ಲ ಸೇರಿಸಿದರೆ ನೂರಾರು ನಿಮ್ಮಲ್ಲಿ ಈಗಲೇ ಇವೆ. ದಿನಕ್ಕೆ ಐದು ಸಾಲಿನ ಲೆಕ್ಕದಲ್ಲಿ ಉಳಿದದ್ದು ಒಂದೆರಡು ವರ್ಷದ ಕೆಲಸ. ಮೂವತ್ತು ದಿನದಲ್ಲಿ ಕಲಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಮರೆವಿಗೆ ಹಳೆಯ ಮದ್ದು ಚೀಟಿ ಡಬ್ಬಿ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಕ್ರಮ ಇದು, ಕರೆಂಟು ಬೇಡ, ನೆಟ್‌ವರ್ಕು ಬೇಡ. ಹಳೆಯ ಮದುವೆ ಕಾಗದ ಕತ್ತರಿಸಿ ಚೀಟಿ ಮಾಡಿ. ಒಂದು ಬದಿ ಸಂದರ್ಭ ಕನ್ನಡದಲ್ಲಿ, ‘ಗಿರಾಕಿಗೆ ಚಿಲ್ಲರೆ ಇಲ್ಲ ಎನ್ನಬೇಕು’. ಹಿಂಬದಿ ಇಂಗ್ಲಿಷ್ ಸಾಲು, ‘ಸಾರಿ, ಐ ಡೋಂಟ್ ಹ್ಯಾವ್ ಚೇಂಜ್’. ಮಿಠಾಯಿ ಡಬ್ಬಿಯಲ್ಲಿ ಮೂರು ಖಾನೆ ಮಾಡಿ. ಹೊಸ ಚೀಟಿ ಮೊದಲ ಖಾನೆಗೆ, ಅದನ್ನು ದಿನಾ ತೆಗೆಯಬೇಕು. ಸರಿಯಾಗಿ ಹೇಳಿದ ಚೀಟಿ ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮರಳಿ ಮೊದಲ ಖಾನೆ, ಕನಿಕರ ಬೇಡ. ಹೀಗೆ ಬಂದ ಪದದ ಮೇಲೆ ಸಮಯ ವ್ಯರ್ಥವಾಗುವುದಿಲ್ಲ, ಬಾರದ್ದು ಮತ್ತೆ ಮತ್ತೆ ಕಾಡುತ್ತದೆ. ನಮ್ಮ ಮಳೆಗೆ ಒಂದು ತಿದ್ದುಪಡಿ: ಪೆನ್ಸಿಲಿನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ರಟ್ಟಿನ ಡಬ್ಬಿ ಜುಲೈ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯೇ ಒಳ್ಳೆಯದು.

ವಿಡಿಯೊಗಳನ್ನು ಮೇ ತಿಂಗಳಲ್ಲೇ ಆರಿಸಿ, ಸಾಲುಗಳನ್ನು ಬರೆದಿಟ್ಟುಕೊಳ್ಳಿ. ಆ್ಯಪ್‌ನೊಳಗೆ ಡೌನ್‌ಲೋಡ್ ಮಾಡಿದ್ದನ್ನೇ ನೆಚ್ಚಿ ಕೂರಬೇಡಿ, ಆಗಾಗ ನೆಟ್‌ಗೆ ತಾಗಿಸದಿದ್ದರೆ ಅದು ತೆರೆಯುವುದಿಲ್ಲ. ಆ ತುಣುಕಿನ ಸಾಲುಗಳನ್ನು ನಿಮ್ಮದೇ ದನಿಯಲ್ಲಿ ಮೊಬೈಲಿಗೆ ಮುದ್ರಿಸಿಟ್ಟರೆ ಗಿರಾಕಿ ಇಲ್ಲದ ಮಳೆಯ ಮಧ್ಯಾಹ್ನ ಕೇಳಲು ಸಾಕಾಗುತ್ತದೆ. ಮಳೆಯ ಪದಗಳನ್ನೂ ಆಗಲೇ ಸೇರಿಸಿಬಿಡಿ: ತುಂತುರಿಗೆ ‘ಡ್ರಿಜ್ಲ್’, ಧೋ ಎನ್ನುವುದಕ್ಕೆ ‘ಪೋರಿಂಗ್’, ಮಂಜಿಗೆ ‘ಮಿಸ್ಟ್’. ಜಿಗಣೆ ‘ಲೀಚ್’. ಈ ಕೊನೆಯದು ಯಾವ ನಟರ ವಿಡಿಯೊದಲ್ಲೂ ಸುಲಭಕ್ಕೆ ಸಿಗುವುದಿಲ್ಲ, ನಿಮ್ಮ ಅಂಗಡಿಗೆ ಉಪ್ಪು ಕೇಳಿಕೊಂಡು ಬರುವ ಚಾರಣಿಗರ ಬಾಯಲ್ಲಿ ಮಾತ್ರ ಮೊದಲ ಪದ ಅದೇ.